ಎರಡನೆಯ ಮಗುವಿನ ಹೆಸರು

ಕಮಲಾಕ್ಷಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಗೇಟಿನ ಹತ್ತಿರ ಇಬ್ಬರು ಹೆಂಗಸರು ನಿಂತು, "ನರ್ಸಮ್ಮನ ಮನೆ ಇದೇನಾ?" ಎಂದು ಕೇಳಿದರು. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಮಧುಗಿರಿಯ ಆ ಬೀದಿಗೆ ಅವರು ಇನ್ನೂ ನರ್ಸಮ್ಮನೇ. ಬಿ.ಪಿ. ನೋಡಿಸಿಕೊಳ್ಳಲು, ಸೊಸೆಗೆ ಎಷ್ಟನೇ ತಿಂಗಳು ಎಂದು ಕೇಳಲು ಯಾರಾದರೂ ಬರುತ್ತಲೇ ಇರುತ್ತಾರೆ. ಇವರೂ ಹಾಗೇ ಇರಬೇಕೆಂದು, "ಬನ್ನಿ, ಮೇಲೆ ಬನ್ನಿ" ಅಂದರು.

ದೊಡ್ಡವಳು ಐವತ್ತು ದಾಟಿದವಳು. ಬಿಸಿಲಿಗೆ ಕಪ್ಪಾದ ಮುಖ, ಕತ್ತಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಪುಟ್ಟ ಶಿಲುಬೆ. ಜೊತೆಗಿದ್ದ ಹುಡುಗಿ ತಾಯಿಗಿಂತ ಒಂದು ಗೇಣು ಎತ್ತರ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು.

"ನಾನು ಆರೋಗ್ಯಮ್ಮ, ವೈ.ಎನ್.ಹೊಸಕೋಟೆ ಕಡೆಯೋಳು. ನಿಮ್ಗೆ ಗ್ಯಾಪಕ ಇರಾಕಿಲ್ಲ ನರ್ಸಮ್ಮ. ಕೊರಟಗೆರೆ ಹತ್ರ ಸಂತ ಅನ್ನಮ್ಮನ ಆಸ್ಪತ್ರೇಲಿ ನನಗೆ ಅವಳಿ ಹೆರಿಗೆ ಮಾಡ್ಸಿದ್ರಿ. ತೊಂಬತ್ತಾರನೇ ಇಸ್ವಿ, ಜೂನ್ ತಿಂಗಳು. ಇವಳೇ ಮೊದಲನೇದು, ಮರಿಯಾ."

ಕಮಲಾಕ್ಷಮ್ಮನ ಬೆರಳು ಹುಣಸೆಹಣ್ಣಿನಲ್ಲೇ ನಿಂತಿತು. ಮೂವತ್ತು ವರ್ಷದ ಕೆಲಸದಲ್ಲಿ ಅವರು ಮಾಡಿಸಿದ ಹೆರಿಗೆಗಳಿಗೆ ಲೆಕ್ಕವಿಲ್ಲ. ಎಷ್ಟೋ ತಾಯಂದಿರು ಸಂತೆಯಲ್ಲಿ ಸಿಕ್ಕಿ ಮಾತಾಡಿಸಿದರೆ ಗುರುತು ಹತ್ತದೆ ಇವರು ಸುಮ್ಮನೆ ನಕ್ಕು ಮುಂದೆ ಹೋಗುತ್ತಾರೆ. ಆದರೆ ಈ ಹೆಸರು ಮಾತ್ರ ಮರೆತದ್ದಿಲ್ಲ.

"ಕಲ್ಲು ಕ್ವಾರಿ ಚೌರಪ್ಪನ ಹೆಂಡ್ತಿ ಅಲ್ವೇನಮ್ಮ?" ಅಂದರು.

ಆರೋಗ್ಯಮ್ಮನ ಕಣ್ಣು ತುಂಬಿ ಬಂತು. "ನೋಡೇ, ಗ್ಯಾಪಕ ಮಡಿಕೊಂಡವ್ರೆ" ಎಂದು ಮಗಳ ಕಡೆ ತಿರುಗಿದಳು. "ಅವರು ಹೋಗಿ ಏಳು ವರ್ಷ ಆಯ್ತು ನರ್ಸಮ್ಮ. ಕಲ್ಲಿನ ಧೂಳು ಎದೆಗೆ ಇಳಿದುಬುಟ್ಟಿತ್ತು."

ನೀರು, ಬೆಲ್ಲ ಆದ ಮೇಲೆ ಬಂದ ವಿಷಯ ಹೊರಗೆ ಬಂತು. ಮರಿಯಾ ಪಾವಗಡದಲ್ಲಿ ಒಂದು ಶಾಲೆಯ ಟೀಚರು. ಹಾಸನದ ಕಡೆಯ ಹುಡುಗನೊಂದಿಗೆ ಮದುವೆ ಗೊತ್ತಾಗಿದೆ, ಈಸ್ಟರ್ ಕಳೆದ ಮೇಲೆ. ಅಲ್ಲಿನ ಚರ್ಚಿನವರು ಹುಡುಗಿಯ ಜ್ಞಾನಸ್ನಾನದ ಪತ್ರ ಕೇಳಿದ್ದಾರೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ ಹಳೆಯ ಫಾದರು ಚೌರಪ್ಪನ ಮಾತನ್ನೇ ನಂಬಿ, 'ಆಸ್ಪತ್ರೆಯಲ್ಲಿ ಆಗಿದೆ' ಎಂದುಕೊಂಡು ಮಗುವಿಗೆ ಮುಂದಿನ ಸಂಸ್ಕಾರಗಳನ್ನೆಲ್ಲ ನಡೆಸಿಕೊಟ್ಟಿದ್ದರು. ಈಗ ನೋಡಿದರೆ ಪಾವಗಡದ ಚರ್ಚಿನ ಪುಸ್ತಕದಲ್ಲಿ ಅವಳ ಹೆಸರಿಲ್ಲ.

"ಆಮೇಲೆ ಆಸ್ಪತ್ರೆಗೆ ಹೋದ್ವಿ" ಅಂದಳು ಆರೋಗ್ಯಮ್ಮ. "ಆಸ್ಪತ್ರೆ ಎಲ್ಲೈತೆ? ಬಾಗಿಲಿಗೆ ಬೀಗ, ಒಳಗೆ ಲಾಂಟಾನ ಮುಳ್ಳುಪೊದೆ. ಸಿಸ್ಟರ್‌ಗಳ ಮಠ ತುಮಕೂರಲ್ಲೈತೆ ಅಂದ್ರು, ಅಲ್ಲಿಗೆ ಹೋದ್ವಿ. ಪಾಪ, ಒಬ್ಬ ಮುದುಕಿ ಸಿಸ್ಟರು ಪೆಟ್ಟಿಗೆ ಎಲ್ಲ ತೆಗೆದು ಹಳೇ ಪುಸ್ತಕ ಹುಡುಕಿಕೊಟ್ರು. ಆಯಾ ಹನುಮಕ್ಕ ಇದ್ಲಲ್ಲ, ಅವಳು ಸಿರಾ ತಾವ ಮದಲೂರಲ್ಲಿ ಮಗಳ ಮನೇಲವ್ಳೆ ಅಂತ ಗೊತ್ತಾಗಿ ಅಲ್ಲಿಗೂ ಹೋದ್ವಿ. ಅವಳಿಗೆ ಕಿವಿ ಕೇಳ್ಸಲ್ಲ. 'ನನಗೇನೂ ತಿಳೀದು, ನಾನು ಆಗ ರೋಡ್ ತಾವ ಓಡಿದ್ದೆ, ನರ್ಸಮ್ಮನ್ನೇ ಕೇಳ್ರವ್ವ' ಅಂದ್ಲು. ಅವಳೇ ನಿಮ್ಮ ಊರು ಹೇಳಿದ್ದು."

ಮರಿಯಾ ಫೋನು ತೆಗೆದು ಒಂದು ಫೋಟೋ ತೋರಿಸಿದಳು. ನೀಲಿ ರಟ್ಟಿನ ನೋಟುಬುಕ್ಕಿನ ಒಂದು ಪುಟ. ಸಾಯುವಂತಿರುವ ಕ್ರೈಸ್ತ ಮಕ್ಕಳಿಗೆ ಆಸ್ಪತ್ರೆಯಲ್ಲೇ ನೀರು ಹಾಕಿ ಹೆಸರಿಟ್ಟಾಗ ಬರೆಯುತ್ತಿದ್ದ ಪುಸ್ತಕ ಅದು. ತಿಂಗಳ ಕೊನೆಗೆ ಆಸ್ಪತ್ರೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಕ್ಲಾರಾ ಅದನ್ನು ನಕಲು ಮಾಡಿ ಚರ್ಚಿಗೆ ಕಳಿಸುತ್ತಿದ್ದರು. ಜೂನ್ ಎಂಟರ ಸಾಲು ಕಮಲಾಕ್ಷಮ್ಮನದೇ ದುಂಡು ಅಕ್ಷರ. ಅದರ ಕೆಳಗಿನದು ಜುಲೈ ಎರಡು. ಅವಳಿ ಹುಟ್ಟಿದ್ದು ಈ ಎರಡರ ನಡುವೆ, ಆದರೆ ಅಲ್ಲಿ ಏನೂ ಇಲ್ಲ.

"ಬರೆಯೋದು ಮರೆತುಹೋಗಿರಬೇಕು ಅಲ್ವಾ ಮೇಡಂ? ಅವತ್ತು ಗಲಾಟೆ ಇತ್ತಲ್ಲ" ಎಂದಳು ಮರಿಯಾ ಮೆಲ್ಲಗೆ.

ಕಮಲಾಕ್ಷಮ್ಮ ಫೋನನ್ನು ವಾಪಸು ಕೊಟ್ಟರು.

"ಪಾವಗಡದ ಈಗಿನ ಫಾದರು ಒಳ್ಳೇ ಹುಡುಗ" ಅಂದಳು ಆರೋಗ್ಯಮ್ಮ. "ಇದಕ್ಯಾಕಮ್ಮ ಊರೂರು ಅಲೀತೀಯ, ಅನುಮಾನ ಇದ್ರೆ ಇನ್ನೊಂದ್ಸಲ ನೀರು ಹಾಕ್ಬುಡ್ತೀನಿ, ಐದು ನಿಮಿಷದ ಕೆಲ್ಸ ಅಂದ್ರು. ಇವಳೂ ಸರಿ ಅಂದ್ಲು. ನಾನೇ ಬ್ಯಾಡ ಅಂದೆ. ಇವಳದು ಅನುಮಾನ ಅಂದ್ರೆ ಇನ್ನೊಂದರದ್ದೂ ಅನುಮಾನವೇ ಅಲ್ವಾ ನರ್ಸಮ್ಮ? ಇವಳಿಗೇನೋ ಹಾಕ್ತಾರೆ. ಮಣ್ಣಲ್ಲಿರೋದಕ್ಕೆ ಯಾರು ಹಾಕ್ತಾರೆ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀರು ಹಾಕಿದೋರೇ ಬಂದು ಹೇಳಿದ್ರೆ ಸಾಕಂತೆ. ನೀವು ಬಂದು ಒಂದು ಮಾತು ಹೇಳ್ಬೇಕು. ಇಬ್ಬರ ಹೆಸರೂ ಪುಸ್ತಕದಲ್ಲಿ ಹತ್ತಲಿ. ಮರಿಯಾ, ತೆರೇಸಾ. ಅಷ್ಟೇ ನಂಗೆ ಬೇಕಿರೋದು."

ಭಾನುವಾರ ಬರುತ್ತೇನೆ ಎಂದು ಕಮಲಾಕ್ಷಮ್ಮ ಹೇಳಿ ಕಳಿಸಿದರು.

ಅವರು ಹೋದ ಮೇಲೆ ಹುಣಸೆಹಣ್ಣು ಹಾಗೇ ಬಿದ್ದಿತ್ತು. ಇಪ್ಪತ್ತೆಂಟು ವರ್ಷ ಹಿಂದಿನ ಆ ಮಧ್ಯಾಹ್ನವನ್ನು ಅವರು ಯಾರಿಗೂ ಹೇಳಿರಲಿಲ್ಲ.

ಅವತ್ತು ಸಿಸ್ಟರ್ ಕ್ಲಾರಾ ಬೇರೆ ರೋಗಿಯನ್ನು ಕರೆದುಕೊಂಡು ಜೀಪಿನಲ್ಲಿ ತುಮಕೂರಿಗೆ ಹೋಗಿದ್ದರು. ಡಾಕ್ಟರು ವಾರಕ್ಕೆರಡು ದಿನ ಬರುವವರು, ಅವತ್ತು ಅವರ ದಿನವಲ್ಲ. ಚೌರಪ್ಪ ಹೆಂಡತಿಯನ್ನು ತಾನು ಕೆಲಸಕ್ಕಿದ್ದ, ಅಲ್ಲೇ ಹತ್ತಿರದ ಕ್ವಾರಿಯ ಲಾರಿಯಲ್ಲಿ ಮಲಗಿಸಿಕೊಂಡು ತಂದಾಗ ನೋವು ಆಗಲೇ ಜೋರಾಗಿತ್ತು. ಏಳು ತಿಂಗಳು ತುಂಬಿರಲಿಲ್ಲ. ಮೊದಲನೆಯ ಮಗು ಅಂಗೈ ತುಂಬುವಷ್ಟಿತ್ತು, ಮೈ ನೀಲಿ. ಉಳಿಯುವ ಹಾಗೆ ಕಾಣಲಿಲ್ಲ. ಕಮಲಾಕ್ಷಮ್ಮ ಲಿಂಗಾಯತರ ಮನೆಯ ಹೆಣ್ಣು. ಆದರೂ ಸಿಸ್ಟರ್ ಹೇಳಿಕೊಟ್ಟಿದ್ದನ್ನು ಮರೆತಿರಲಿಲ್ಲ. 'ನಾನಿಲ್ಲದಿದ್ದರೆ ನೀನೇ ಮಾಡು, ನಿನ್ನ ಕೈಯಾದರೂ ದೇವರಿಗೆ ಆಗುತ್ತೆ' ಎಂದಿದ್ದರು. ಲೋಟದ ನೀರನ್ನು ಮೂರು ಸಲ ಮಗುವಿನ ನೆತ್ತಿಗೆ ಹಾಕಿ, "ಮರಿಯಾ, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಅಂದರು. ಬಿಸಿನೀರಿನ ಬಾಟಲಿಗಳ ನಡುವೆ ಹತ್ತಿಯಲ್ಲಿ ಸುತ್ತಿ ಇಟ್ಟರು. ಆ ಮಗು ಸಣ್ಣಗೆ ಅಳತೊಡಗಿತು.

ಎರಡನೆಯದು ಇಪ್ಪತ್ತು ನಿಮಿಷ ಬಿಟ್ಟು ಬಂತು. ಅದರ ಹಿಂದೆಯೇ ರಕ್ತ. ಕಮಲಾಕ್ಷಮ್ಮ ಅಂಥ ರಕ್ತ ನೋಡಿರಲಿಲ್ಲ. ಮಂಚದಿಂದ ಇಳಿದು ನೆಲದ ಮೇಲೆ ಹರಿಯಿತು. ಮಗುವನ್ನು ಪಕ್ಕದ ತಟ್ಟೆಯ ಮೇಲೆ ಇಟ್ಟು, ಇಂಜೆಕ್ಷನ್ ಚುಚ್ಚಿ, ಎರಡೂ ಕೈಯಿಂದ ತಾಯಿಯ ಕಿಬ್ಬೊಟ್ಟೆ ಒತ್ತಿ ಹಿಡಿದರು. ಯಾವುದಾದರೂ ಗಾಡಿ ನಿಲ್ಲಿಸು ಎಂದು ಹನುಮಕ್ಕನನ್ನು ರಸ್ತೆಗೆ ಓಡಿಸಿದರು. ಚೌರಪ್ಪ ಬಾಗಿಲ ಹೊರಗೆ ಜಪಮಾಲೆ ಹಿಡಿದು ಕೂತಿದ್ದ. ನೀರಿನ ಲೋಟ ಇದ್ದದ್ದು ಮೂರು ಹೆಜ್ಜೆ ಆಚೆ, ಕಿಟಕಿಯಲ್ಲಿ. ಕೈ ತೆಗೆದರೆ ರಕ್ತ ಮತ್ತೆ ಚಿಮ್ಮುತ್ತಿತ್ತು. ತೆಗೆಯಲಿಲ್ಲ. ಮಗು ಬಾಯಿ ತೆರೆದು ಮುಚ್ಚಿದ್ದು ಕಣ್ಣಂಚಿಗೆ ಕಾಣುತ್ತಿತ್ತು. ಚೌರಪ್ಪನನ್ನು ಕೂಗಿದ್ದರೆ ಅವನೇ ಬಂದು ನೀರು ಹಾಕುತ್ತಿದ್ದನಲ್ಲ ಎಂಬುದು ಅವರಿಗೆ ಹೊಳೆದದ್ದು ಮಾರನೆಯ ದಿನ. ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ರಕ್ತ ನಿಂತು, ಕೈ ಸಡಿಲಿಸಿ ತಿರುಗಿದಾಗ ಎರಡನೆಯ ಮಗು ತಣ್ಣಗಾಗಿತ್ತು. ಸತ್ತ ಮಗುವಿಗೆ ನೀರು ಹಾಕುವಂತಿಲ್ಲ ಎಂದೂ ಸಿಸ್ಟರ್ ಹೇಳಿಕೊಟ್ಟಿದ್ದರು.

ಸಂಜೆ ಆರೋಗ್ಯಮ್ಮನಿಗೆ ಎಚ್ಚರವಾಯಿತು. ಒಂದು ಉಳಿದಿಲ್ಲ ಎಂದು ಕೇಳಿ ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ರಕ್ತ ಬೇಕಲ್ಲ. "ನೀರು ಹಾಕಿದ್ರಾ ನರ್ಸಮ್ಮ, ಇಬ್ಬರಿಗೂ?" ಎಂದು ತುಟಿ ಅಲ್ಲಾಡಿಸಿದಳು.

"ಹಾಕಿದೆ ಕಣಮ್ಮ, ಇಬ್ಬರಿಗೂ."

"ಏನು ಹೆಸರು?"

ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಹೂವು ಹಿಡಿದ ಸಂತ ತೆರೇಸಾ ಇದ್ದಳು. "ತೆರೇಸಾ" ಅಂದುಬಿಟ್ಟರು.

ಆ ಮಾತಿನ ಮೇಲೆಯೇ ಫಾದರು ಬಂದು, ಚೌರಪ್ಪ ಮತ್ತು ಕಮಲಾಕ್ಷಮ್ಮನ ಎದುರಿಗೆ, ಮಗುವನ್ನು ಆಸ್ಪತ್ರೆಯ ಹಿಂದಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ನೋಟುಬುಕ್ಕು ತೆರೆದಾಗ ಮಾತ್ರ ಕಮಲಾಕ್ಷಮ್ಮನ ಕೈ ಓಡಲಿಲ್ಲ. ಒಂದೇ ಹೆಸರು ಬರೆದರೆ ಸುಳ್ಳು ಹೊರಬೀಳುತ್ತದೆ. ಎರಡು ಬರೆದರೆ ದೇವರ ಪುಸ್ತಕದಲ್ಲಿ ಸುಳ್ಳು ಬರೆದಂತೆ. ನಾಳೆ ಬರೆದರಾಯಿತು ಎಂದು ಮುಚ್ಚಿಟ್ಟರು. "ಬರೆದೆಯಾ?" ಎಂದು ಸಿಸ್ಟರ್ ಕೇಳಿದಾಗ "ಬರೀತೀನಿ" ಅಂದರು. ಹದಿನೈದು ದಿನಕ್ಕೆ ಸಿಸ್ಟರಿಗೆ ವರ್ಗವಾಯಿತು. ಆಮೇಲೆ ಕೇಳುವವರಿರಲಿಲ್ಲ.

ತಾಯಿ ಮಗಳು ಬಂದು ಹೋದ ಈ ದಿನ, ಊಟಕ್ಕೆ ಬಂದ ಗಂಡ ಶಂಕರಲಿಂಗಪ್ಪನವರಿಗೆ ಮೊದಲ ಸಲ ಎಲ್ಲ ಹೇಳಿದರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಹಾಕಿದೆ ಅಂತ ಸೈನ್ ಮಾಡಿ ಬಂದ್ಬಿಡು. ಯಾರಿಗೆ ನಷ್ಟ? ಆಯಮ್ಮ ನೆಮ್ಮದಿಯಾಗಿ ಇರ್ತಾಳೆ."

"ನೆಮ್ಮದಿ ಅಂತಲೇ ಆವತ್ತೂ ಹೇಳಿದ್ದು. ಅದಕ್ಕೆ ಈಗ ಅವರು ಮೂರು ತಾಲ್ಲೂಕು ಅಲೆದು ಬಂದವ್ರೆ" ಅಂದರು ಕಮಲಾಕ್ಷಮ್ಮ.

ಭಾನುವಾರ ಬೆಳಗಿನ ಬಸ್ಸಿನಲ್ಲಿ ಒಬ್ಬರೇ ಹೊರಟರು. ದಾರಿಯುದ್ದಕ್ಕೂ ಬೇಸಿಗೆಯ ಬೋಳು ಗುಡ್ಡಗಳು, ಶೇಂಗಾ ಕಿತ್ತ ಹೊಲಗಳು. ಏನು ಹೇಳಬೇಕೆಂದು ಪಾವಗಡ ಬರುವವರೆಗೂ ತೀರ್ಮಾನವಾಗಿರಲಿಲ್ಲ. ಕೋಟೆ ಬೆಟ್ಟ ಕಂಡಾಗ ಎದ್ದು ಬಸ್ಸಿನ ಬಾಗಿಲ ಹತ್ತಿರ ನಿಂತರು.

ಪೂಜೆ ಮುಗಿದು ಜನ ಚದುರಿದ್ದರು. ಫಾದರು ಮೂವತ್ತೈದರ ಆಸುಪಾಸಿನವರು, ಚರ್ಚಿನ ಪಕ್ಕದ ಕೋಣೆಯಲ್ಲಿ ಟೇಬಲ್ ಮೇಲೆ ದಪ್ಪ ಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದರು. ತಾಯಿ ಮಗಳು ಹೊರಗೆ ಬೇವಿನ ಮರದ ಕೆಳಗಿದ್ದರು. "ಮೊದಲು ನಾನೊಬ್ಬಳೇ ಮಾತಾಡ್ಬೇಕಿತ್ತು" ಎಂದು ಕಮಲಾಕ್ಷಮ್ಮ ಬಾಗಿಲು ಮುಂದೆ ಮಾಡಿದರು.

"ನೀವು ಬೈಬಲ್ ಮುಟ್ಟಬೇಕು ಅಂತೇನಿಲ್ಲ ಅಮ್ಮ. ನಿಮ್ಮ ದೇವರ ಮೇಲೆ ಪ್ರಮಾಣ ಮಾಡಿ ಹೇಳಿದ್ರೂ ಸಾಕು" ಅಂದರು ಫಾದರು.

ಕಮಲಾಕ್ಷಮ್ಮನ ಕೈ ತಾನಾಗಿ ಕೊರಳಿನ ಲಿಂಗದ ಕರಡಿಗೆಯ ಕಡೆ ಹೋಯಿತು. ಅದನ್ನು ಹಿಡಿದ ಮೇಲೆ ಬೇರೆ ಮಾತು ಬರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಹೇಳಿದರು.

"ಮರಿಯಾಳದ್ದು ಈಗಲೇ ಬರೀಬಹುದು" ಅಂದರು ಫಾದರು ಕೊನೆಗೆ. "ಇನ್ನೊಂದನ್ನ ನಾನು ಬರೆಯೋಕಾಗಲ್ಲ."

"ಆ ಮಗೂಗೆ ಏನಾಗುತ್ತೆ ಸ್ವಾಮಿ, ನಿಮ್ಮಲ್ಲಿ?"

"ಹಿಂದಿನವರು ಏನೇನೋ ಹೇಳ್ತಿದ್ರು. ಈಗ ನಾವು ದೇವರ ಕರುಣೆಗೆ ಒಪ್ಪಿಸ್ತೀವಿ. ಅಂಥ ಮಗೂನ ದೇವರು ಆಚೆ ನಿಲ್ಲಿಸ್ತಾನೆ ಅಂತ ನಾನಂತೂ ನಂಬಲ್ಲ." ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಆದ್ರೆ ಆರೋಗ್ಯಮ್ಮನಿಗೆ ನಾನು ಹೇಳಲ್ಲ. ಹೇಳೋದು ಬಿಡೋದು ನಿಮ್ಮದು."

ಪುಸ್ತಕದಲ್ಲಿ ಒಂದು ಸಾಲು ಏರಿತು. ಮರಿಯಾ, ತಂದೆ ಚೌರಪ್ಪ, ತಾಯಿ ಆರೋಗ್ಯಮ್ಮ, ಪ್ರಾಣಾಪಾಯದಲ್ಲಿ ಆಸ್ಪತ್ರೆಯಲ್ಲಿ ಜ್ಞಾನಸ್ನಾನ ಕೊಟ್ಟವರು ಕಮಲಾಕ್ಷಮ್ಮ. ಅದರ ಮುಂದೆ ಸಹಿ ಮಾಡಿ ಹೊರಗೆ ಬಂದರು.

ಆರೋಗ್ಯಮ್ಮ ಎದ್ದು ನಿಂತಳು. "ಆಯ್ತಾ ನರ್ಸಮ್ಮ? ಇಬ್ಬರದೂ ಆಯ್ತಾ?"

ಅದೇ ಪ್ರಶ್ನೆ, ಅದೇ ಮುಖ. ಈಗ 'ಆಯ್ತು' ಅಂದರೆ ಮುಗಿಯುತ್ತಿತ್ತು. ಇವಳು ಪುಸ್ತಕ ತೆರೆದು ನೋಡುವವಳಲ್ಲ, ಓದು ಬರುವುದಿಲ್ಲ. ಕಮಲಾಕ್ಷಮ್ಮ ಅವಳ ಕೈ ಹಿಡಿದು ಬೇವಿನ ಕಟ್ಟೆಯ ಮೇಲೆ ಕೂರಿಸಿದರು.

"ಮರಿಯಾಳದ್ದು ಆಯ್ತು. ಇನ್ನೊಂದಕ್ಕೆ ನಾನು ನೀರು ಹಾಕ್ಲಿಲ್ಲ ಕಣಮ್ಮ. ಹಾಕಿದೆ ಅಂತ ನಿನಗೆ ಸುಳ್ಳು ಹೇಳಿದೆ."

ಆರೋಗ್ಯಮ್ಮ ಅರ್ಥವಾಗಲಿಲ್ಲ ಅನ್ನುವಂತೆ ಮಗಳ ಕಡೆ ನೋಡಿದಳು. ಕಮಲಾಕ್ಷಮ್ಮ ರಕ್ತದ ವಿಷಯ ಹೇಳಿದರು, ಕೈ ತೆಗೆಯಲಾಗದ್ದು ಹೇಳಿದರು, ಕಿಟಕಿಯ ಲೋಟ ಹೇಳಿದರು. ಚೌರಪ್ಪನನ್ನು ಕೂಗಲು ಹೊಳೆಯದೆ ಹೋದದ್ದನ್ನೂ ಹೇಳಿದರು. ಅದನ್ನು ಹೇಳದೆ ಬಿಡಬಹುದಿತ್ತು.

"ನನ್ನ ಉಳಿಸಾಕೆ ಅದನ್ನ ಹಂಗೇ ಬುಟ್ಬುಟ್ರಾ?" ಆರೋಗ್ಯಮ್ಮ ಕೈ ಬಿಡಿಸಿಕೊಂಡಳು. "ಅವರು ಬಾಗಿಲಲ್ಲೇ ಕೂತಿದ್ರಲ್ಲ. ಬಾಗಿಲಲ್ಲೇ ಇದ್ರಲ್ಲ ನರ್ಸಮ್ಮ!"

"ಹೌದು ಕಣಮ್ಮ."

"ಇಪ್ಪತ್ತೆಂಟು ವರ್ಷ 'ತೆರೇಸಾ, ನಮಗೋಸ್ಕರ ಬೇಡ್ಕೋ' ಅಂತ ಅದರ ಹೆಸರು ಕೂಗೀನಿ. ಅವರು ಸಾಯೋವಾಗ, 'ಭಯ ಪಡಬ್ಯಾಡಿ, ಅಲ್ಲಿ ನಿಮ್ಮ ಮಗಳವ್ಳೆ' ಅಂತ ಹೇಳಿ ಕಳಿಸೀನಿ." ಮುಂದಿನದು ಅವಳ ತಾಯಿಮನೆಯ ತೆಲುಗಿನಲ್ಲಿ ಬಂತು. "ಅಯ್ಯೋ ನಾ ತಲ್ಲೀ, ನಾ ತಲ್ಲೀ" ಎಂದು, ನನ್ನ ತಾಯೀ ಎಂದು, ಸತ್ತ ಮಗುವನ್ನು ಕರೆಯುತ್ತ ಮೊಣಕಾಲು ಹೊಡೆದುಕೊಂಡಳು.

ಮರಿಯಾ ತಾಯಿಯನ್ನು ತಬ್ಬಿಕೊಂಡಳು. ಕಮಲಾಕ್ಷಮ್ಮನನ್ನು ನೋಡಿದ ಅವಳ ಕಣ್ಣಿನಲ್ಲಿ ಸಿಟ್ಟೋ ಮತ್ತೇನೋ, ಹೇಳುವುದು ಕಷ್ಟ. ಅವಳಿಗೆ ನೀರು ಹಾಕಿದ ಕೈಯೂ ಅದೇ, ಅವಳ ತಾಯಿಯನ್ನು ಉಳಿಸಿದ ಕೈಯೂ ಅದೇ ಆಗಿತ್ತು. "ನೀವು ಹೋಗಿ ಮೇಡಂ" ಅಂದಳು. ಕಮಲಾಕ್ಷಮ್ಮ ಬಸ್ ಸ್ಟ್ಯಾಂಡಿಗೆ ನಡೆದು ಹೋದರು.

ಮೇ ತಿಂಗಳಲ್ಲಿ ಮದುವೆಯ ಕಾಗದ ಅಂಚೆಯಲ್ಲಿ ಬಂತು. ಮೇಲಿನ ವಿಳಾಸ ಮರಿಯಾಳ ಅಕ್ಷರ. ಶಂಕರಲಿಂಗಪ್ಪ ಹೋಗೋಣ ಅಂದರು. ಕಮಲಾಕ್ಷಮ್ಮ ಒಲ್ಲೆ ಎಂದರು. ಆ ದಿನ ಆ ತಾಯಿಯ ಕಣ್ಣಿಗೆ ತಾನು ಬೀಳಬಾರದು ಅನ್ನಿಸಿತು. ಒಂದು ಸೀರೆ ಕೊಂಡು ಪಾರ್ಸೆಲ್ ಮಾಡಿಸಿದರು. ತಲುಪಿತೆಂದು ಮರಿಯಾ ಮೆಸೇಜ್ ಹಾಕಿದಳು.

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ನಾನು ಆರೋಗ್ಯಮ್ಮ."

"ಹೇಳಮ್ಮ."

"ಅದು ಎಷ್ಟೊತ್ತು ಜೀವ ಇಟ್ಕೊಂಡಿತ್ತು?"

"ಹತ್ತು ನಿಮಿಷ ಇರಬಹುದು. ಹದಿನೈದು."

"ಅತ್ತಿತಾ?"

"ಇಲ್ಲ. ಬಾಯಿ ತೆರೀತಿತ್ತು. ದನಿ ಬರಲಿಲ್ಲ."

ಆ ಕಡೆಯಿಂದ ಕೋಳಿ ಕೂಗುವುದು, ಯಾರೋ ಪಾತ್ರೆ ತೊಳೆಯುವುದು ಕೇಳಿಸುತ್ತಿತ್ತು. "ಯಾರಾದ್ರೂ ಎತ್ಕೊಂಡಿದ್ರಾ?" ಎಂದು ಬಹಳ ಸಣ್ಣಗೆ ಕೇಳಿದಳು.

ಹನುಮಕ್ಕ ಎತ್ತಿಕೊಂಡಿದ್ದಳು ಎನ್ನಬಹುದಿತ್ತು. ಕಿವಿ ಕೇಳದ ಹನುಮಕ್ಕ ಅಲ್ಲ ಎಂದು ಹೇಳಲು ಬರುತ್ತಿರಲಿಲ್ಲ. ಕಮಲಾಕ್ಷಮ್ಮನ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು.

"ಇಲ್ಲ ಕಣಮ್ಮ. ಯಾರೂ ಎತ್ಕೊಂಡಿರಲಿಲ್ಲ. ಹೋದ ಮೇಲೆ ನಾನು ಎತ್ಕೊಂಡೆ. ನಾನೇ ಮೈ ಒರೆಸಿ ಬಟ್ಟೆ ಸುತ್ತಿದೆ. ತಲೆ ತುಂಬ ಕೂದಲಿತ್ತು."

"ನವೆಂಬರ್ ಎರಡಕ್ಕೆ ನಮ್ಮ ಸತ್ತೋರ ಹಬ್ಬ" ಅಂದಳು ಆರೋಗ್ಯಮ್ಮ. "ಮಣ್ಣು ಮಾಡ್ದಾಗ ನಾನು ಮಂಚದ ಮೇಲಿದ್ದೆ. ನಮ್ಮನೇಲಿ ಜಾಗ ಗೊತ್ತಿದ್ದೋರು ಅವರೊಬ್ರೇ, ಅವರಿಲ್ಲ. ನೀವು ಬಂದು ತೋರ್ಸಿ."

ಆ ದಿನ ಇಬ್ಬರೂ ಕೊರಟಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಕೂಡಿ ಆಟೋ ಹಿಡಿದರು. ಆಸ್ಪತ್ರೆಯ ಹಿಂದೆ ಕಾಂಪೌಂಡು ಒಂದು ಕಡೆ ಬಿದ್ದಿತ್ತು. ಲಾಂಟಾನ ಆಳೆತ್ತರ ಬೆಳೆದಿತ್ತು. ದೊಡ್ಡವರ ಸಮಾಧಿಗಳ ಶಿಲುಬೆಗಳು ಅಲ್ಲಲ್ಲಿ ಕಾಣುತ್ತಿದ್ದವು. ಮಕ್ಕಳ ಮೂಲೆಯಲ್ಲಿ ಅದೂ ಇಲ್ಲ, ನೆಲ ಸಮತಟ್ಟು. ಕಮಲಾಕ್ಷಮ್ಮ ಮುಳ್ಳು ಸರಿಸಿ ಮುಂದೆ ಹೋಗಿ ನಿಂತರು. ಅವತ್ತು ಗೋಡೆಯ ಪಕ್ಕ ಒಂದು ಸಂಪಿಗೆ ಗಿಡವಿತ್ತು, ಅದರ ಬಲಕ್ಕೆ. ಈಗ ಗಿಡವೂ ಇಲ್ಲ.

"ಇಷ್ಟರೊಳಗೇ ಎಲ್ಲೋ" ಎಂದು ಕೈಯಿಂದ ಒಂದು ಹಾಸಿಗೆಯಗಲದ ಜಾಗ ತೋರಿಸಿದರು. "ಇಲ್ಲೇ ಅಂತ ಬೊಟ್ಟು ಮಾಡಿ ಹೇಳೋಕೆ ನನ್ನ ಕೈಲಿ ಆಗ್ತಿಲ್ಲ."

ಆರೋಗ್ಯಮ್ಮ ಚೀಲದಿಂದ ಮೇಣದಬತ್ತಿ ತೆಗೆದಳು. ಒಂದು ಪ್ಯಾಕೆಟ್ ಪೂರ್ತಿ ತಂದಿದ್ದಳು. ಒಂದನ್ನು ಹಚ್ಚುವ ಬದಲು ಆ ಜಾಗದುದ್ದಕ್ಕೂ ಎಲ್ಲವನ್ನೂ ನೆಟ್ಟು ಹಚ್ಚಿದಳು. ಗಾಳಿಗೆ ಎರಡು ಮೂರು ಆರಿದವು. ಕಮಲಾಕ್ಷಮ್ಮ ಬಗ್ಗಿ ಸೆರಗು ಅಡ್ಡ ಹಿಡಿದರು. ಆರೋಗ್ಯಮ್ಮ ಬೇಡ ಅನ್ನಲಿಲ್ಲ. ಮಂಡಿಯೂರಿ ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಂಡಳು. ನಡುವೆ ತೆರೇಸಾ ಎಂಬ ಹೆಸರು ಎರಡು ಸಲ ಕೇಳಿಸಿತು.

ಎದ್ದ ಮೇಲೆ, "ಆ ಹೆಸರು ನೀವು ಸುಮ್ನೆ ಹೇಳಿದ್ದು, ನಂಗೊತ್ತು" ಅಂದಳು. "ಆದ್ರೂ ನಾನು ಅದೇ ಕರೀತೀನಿ. ಬೇರೆ ಏನಂತ ಕರೀಲಿ?"

ವಾಪಸು ಒಂದೇ ಬಸ್ಸು. ಒಬ್ಬರು ಮುಂದಿನ ಸೀಟಿನಲ್ಲಿ, ಒಬ್ಬರು ಹಿಂದಿನ ಸೀಟಿನಲ್ಲಿ ಕೂತರು. ಮಧುಗಿರಿ ಬಂದಾಗ ಕಮಲಾಕ್ಷಮ್ಮ ಎದ್ದು, ಹೋಗಿ ಬರುತ್ತೇನೆ ಅನ್ನಲೋ ಬೇಡವೋ ಎಂದು ಒಂದು ಗಳಿಗೆ ತಡೆದರು. ಆರೋಗ್ಯಮ್ಮ ಕಿಟಕಿಯ ಕಡೆಯೇ ನೋಡುತ್ತಿದ್ದಳು.

"ಮರಿಯಾ ಈಗ ಮೂರು ತಿಂಗಳ ಬಸುರಿ" ಅಂದಳು ಮುಖ ತಿರುಗಿಸದೆ. "ಹುಟ್ಟೋದನ್ನ ಕರ್ಕೊಂಡು ಅವಳು ಒಂದಿನ ಬರ್ತಾಳೆ. ಅಷ್ಟೊತ್ತಿಗೆ ನಾನಿರ್ತೀನೋ ಇಲ್ವೋ. ಅವಳಿಗೆ ಜಾಗ ತೋರ್ಸಿ."

ಕಂಡಕ್ಟರು ಶಿಳ್ಳೆ ಹಾಕಿದ. ಕಮಲಾಕ್ಷಮ್ಮ ಆಗಲಿ ಎಂದು ಇಳಿದರು. ಬಸ್ಸು ಪಾವಗಡದ ರಸ್ತೆಗೆ ತಿರುಗಿತು.